ಮಂಟಪದ ಹಿಂಡಿ

“ಮೇಷ್ಟ್ರೇ, ಬರುವ ಭಾನುವಾರ ಅರ್ಧ ಮ್ಯಾರಥಾನ್ ಓಡಲೋ ಬೇಡವೋ?” ಎಂದು ನೀಲಾಂಬಿಕೆ ಕೇಳಿದಳು.

ಗುರುಸಿದ್ದಪ್ಪ ಮೇಷ್ಟ್ರು ಮೈದಾನದ ಕಟ್ಟೆಯ ಮೇಲೆ ಕುಳಿತು ಶೂಗಳ ದಾರ ಬಿಚ್ಚುತ್ತಿದ್ದರು. ಅವರಿಗೆ ಎಪ್ಪತ್ತೊಂದು ವರ್ಷ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಈಗಲೂ ದಿನಾ ಬೆಳಿಗ್ಗೆ ಮೈದಾನಕ್ಕೆ ಬಂದು, ಓಟ ಕಲಿಯಲು ಬಂದವರಿಗೆ ಕಲಿಸುತ್ತಾರೆ. ನೀಲಾಂಬಿಕೆ ಮೂರು ವರ್ಷದಿಂದ ಅವರ ಶಿಷ್ಯೆ.

“ಓಡುವವಳು ನೀನು. ನನ್ನನ್ನೇನು ಕೇಳುತ್ತೀ?”

“ನನಗೆ ಗೊತ್ತಾಗುತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.”

ಅವಳು ಚೀಲದಿಂದ ಒಂದು ಪುಸ್ತಕ ತೆಗೆದಳು. ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಳೆದದ್ದನ್ನು ಬರೆಯದೆ ಬಿಡುವ ಅಭ್ಯಾಸ ಇರಲಿಲ್ಲ. ಅರ್ಧ ಮ್ಯಾರಥಾನ್ ಎಂದರೆ ಇಪ್ಪತ್ತೊಂದು ಕಿಲೋಮೀಟರ್. ಅದನ್ನು ಆರು ಸಲ ಓಡಿದ್ದಳು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ. ಪೂರ್ಣ ಮ್ಯಾರಥಾನ್ ಎಂದರೆ ನಲವತ್ತೆರಡು. ಅದಕ್ಕೆ ಎರಡು ಸಲ ಇಳಿದಿದ್ದಳು. ಎರಡು ಸಲವೂ ಸರಿಯಾಗಿ ಅರ್ಧಕ್ಕೆ ನಿಂತಿದ್ದಳು.

ಆ ಊರಿನ ಓಟದ ದಾರಿ ಎರಡು ಸುತ್ತಿನದು. ಅರ್ಧ ಓಡುವವರು ಒಂದು ಸುತ್ತು ಬಂದು ಬಟ್ಟೆಯ ಕಮಾನಿನ ಕೆಳಗೆ ಓಟ ಮುಗಿಸುತ್ತಾರೆ. ಪೂರ್ಣ ಓಡುವವರು ಅದೇ ಕಮಾನಿನ ಕೆಳಗೆ ಹಾದು ಎರಡನೆಯ ಸುತ್ತಿಗೆ ಹೋಗಬೇಕು. ನೀಲಾಂಬಿಕೆ ಕಮಾನಿನವರೆಗೆ ಚೆನ್ನಾಗಿಯೇ ಬರುತ್ತಿದ್ದಳು. ಕಮಾನಿನ ಕೆಳಗೆ ಕಾಲು ನಿಂತುಬಿಡುತ್ತಿತ್ತು.

“ಕಾಲಿನಲ್ಲಿ ಶಕ್ತಿ ಇಲ್ಲ ಎನ್ನೋಣವೆಂದರೆ, ಕಾಲುವೆಯ ಏರಿಯ ಮೇಲೆ ಒಬ್ಬಳೇ ಮೂವತ್ತೆರಡು ಓಡಿದ್ದೇನೆ. ಒಂದು ಸಲವಲ್ಲ, ನಾಲ್ಕು ಸಲ. ಊಟ ಸರಿಯಿದೆ. ನಿದ್ದೆ ಸರಿಯಿದೆ. ರಕ್ತ ಪರೀಕ್ಷೆಯೂ ಆಯಿತು. ತಪ್ಪು ಎಲ್ಲಿದೆಯೋ ಸಿಗುತ್ತಿಲ್ಲ.”

“ಆಫೀಸಿನವರು ಏನನ್ನುತ್ತಾರೆ?”

“ಅವರು ಬಿಡಿ. ಕ್ಯಾಂಟೀನಿನ ಅಜ್ಜ ಕೂಡ ಕೇಳುತ್ತಾನೆ, ‘ಮೇಡಂ, ಪೂರ್ತಿ ಟೀ ಕೊಡ್ಲಾ, ಇಲ್ಲಾ ನಿಮ್ಮ ಅಳತೇದೇ ಕೊಡ್ಲಾ?’ ಅಂತ.”

ಮೇಷ್ಟ್ರು ಜೋರಾಗಿ ನಕ್ಕರು. ಅವಳು ನಗಲಿಲ್ಲ.

“ಇನ್ನು ಎಂಟು ವಾರಕ್ಕೆ ಪೂರ್ಣ ಓಟ ಇದೆ. ಈ ಸಲವೂ ಅಲ್ಲೇ ನಿಂತರೆ ಶೂ ತೆಗೆದು ತಂಗಿಗೆ ಕೊಟ್ಟುಬಿಡುತ್ತೇನೆ. ಮತ್ತೆ ಓಡುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ಮೇಷ್ಟ್ರೇ. ಭಾನುವಾರದ ಅರ್ಧ ಓಟವೂ ಅದೇ ದಾರಿಯದು, ಅದೇ ಕಮಾನಿನದು. ಅದರಿಂದ ನನಗೆ ಅಭ್ಯಾಸವಾಗುತ್ತದೋ, ಕೇಡಾಗುತ್ತದೋ?”

ಮೇಷ್ಟ್ರ ಪಕ್ಕದಲ್ಲಿ ಹಿತ್ತಾಳೆಯ ತಂಬಿಗೆ ಇತ್ತು, ಅದರಲ್ಲಿ ಮಜ್ಜಿಗೆ. ಅವಳು ಓಡಿದ ಪ್ರತಿ ಓಟಕ್ಕೂ ಅವರು ಆ ತಂಬಿಗೆ ಹಿಡಿದು ಕಮಾನಿನ ಕೆಳಗೆ ಕಾದಿರುತ್ತಿದ್ದರು. ಅವಳು ಬಂದು ಅವರ ಹೆಗಲು ಹಿಡಿಯುತ್ತಿದ್ದಳು. ಅವರು “ಭಲೇ” ಎನ್ನುತ್ತಿದ್ದರು. ಅವಳು ಕುಳಿತು ಕುಡಿಯುತ್ತಿದ್ದಳು. ಈಗಲೂ ಅವರು ಒಂದು ಲೋಟ ಬಗ್ಗಿಸಿ ಅವಳಿಗೆ ಕೊಟ್ಟು, ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು. ಎಂಟು ಹರದಾರಿ, ಎಂದರೆ ಸುಮಾರು ಇಪ್ಪತ್ತನಾಲ್ಕು ಮೈಲಿ ದೂರದ ಊರಿನಲ್ಲಿ ಅವಳಿಗೆ ಗಂಡು ಗೊತ್ತಾಯಿತು. ಮದುವೆ ಗಂಡಿನ ಊರಿನಲ್ಲಿ. ಹಿಂದಿನ ದಿನ ಹೊತ್ತು ಮುಳುಗುವುದರೊಳಗೆ ಹೆಣ್ಣಿನ ಗಾಡಿ ಆ ಊರ ಗಡಿಯನ್ನು ಮುಟ್ಟಬೇಕು. ಬೀಗರು ಗಡಿಯವರೆಗೆ ಬಂದು ಎದುರುಗೊಳ್ಳುತ್ತಾರೆ. ಗಾಡಿ ಎಳೆದ ಎತ್ತು ಯಾರವೋ ಅವರೇ ಹೆಣ್ಣನ್ನು ಕೈಹಿಡಿದು ಇಳಿಸಬೇಕು ಎಂಬುದು ಆ ಸೀಮೆಯ ಪದ್ಧತಿ. ಆದ್ದರಿಂದ ಯಾವ ತಂದೆಯೂ ಮಗಳ ಗಾಡಿಗೆ ಬೇರೆಯವರ ಎತ್ತು ಹೂಡುತ್ತಿರಲಿಲ್ಲ.

ರೈತನ ಹಳೆಯ ಜೋಡಿ ಹಿಂದಿನ ವರ್ಷ ಸತ್ತಿತ್ತು. ಈಗ ಇದ್ದವು ಎರಡು ಹಲ್ಲಿನ ಎಳೆಯ ಹೋರಿಗಳು. ಹೊಲದ ಕೆಲಸ ಕಲಿತಿದ್ದವು. ದೂರದ ದಾರಿ ಕಂಡಿರಲಿಲ್ಲ.

ನೆರೆಯವನು ಬೇಲಿಯ ಆಚೆಯಿಂದ ಹೇಳಿದ: “ಇವನ್ನು ಕಟ್ಟಿಕೊಂಡು ಎಂಟು ಹರದಾರಿ ಹೋಗುತ್ತೀಯಾ? ಮದುವೆಗಂತೂ ಮುಟ್ಟುವುದಿಲ್ಲ. ಮೊಮ್ಮಗನ ನಾಮಕರಣಕ್ಕೆ ಮುಟ್ಟಬಹುದು.”

“ನೋಡುತ್ತಿರು” ಎಂದ ರೈತ.

ಮದುವೆಗೆ ಮೂರು ತಿಂಗಳಿತ್ತು. ಆ ದಾರಿಯಲ್ಲಿ ಸರಿಯಾಗಿ ನಾಲ್ಕು ಹರದಾರಿಗೆ ಒಂದು ಕಲ್ಲಿನ ಮಂಟಪ, ಮಗ್ಗುಲಲ್ಲಿ ಒಂದು ನೀರಿನ ಕಟ್ಟೆ. ಅರ್ಧ ದಾರಿ ಚೆನ್ನಾಗಿ ಪಳಗಿದರೆ ಉಳಿದರ್ಧ ತಾನಾಗಿ ಬರುತ್ತದೆ ಎಂದು ರೈತ ಲೆಕ್ಕ ಹಾಕಿದ. ಸೋಮವಾರ ಬಸವನ ದಿನ, ಎತ್ತಿಗೆ ನೊಗ ಹಾಕುವಂತಿಲ್ಲ; ವಾರಕ್ಕೊಮ್ಮೆ ಮಂಟಪದವರೆಗೆ ಹೋಗಿಬರಲು ಗುರುವಾರ ಗೊತ್ತುಮಾಡಿದ.

ಮೊದಲ ಗುರುವಾರ ಮಂಟಪ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ರೈತ ನೊಗ ಇಳಿಸಿದ. ನೀರು ಕುಡಿಸಿದ. ಹೋರಿಗಳ ಹೆಗಲು ತಿಕ್ಕಿದ. ನೆನೆಸಿ ತಂದಿದ್ದ ಶೇಂಗಾ ಹಿಂಡಿಯ ಬುಟ್ಟಿಯನ್ನು ಮುಂದಿನ ಕಂಬದ ಬುಡದಲ್ಲಿ ಇಟ್ಟು “ಭಲೇ, ನನ್ನ ದೊರೆಗಳೇ” ಎಂದ. ಬಿಸಿಲು ಇಳಿದ ಮೇಲೆ ಮನೆಯ ಕಡೆ ತಿರುಗಿಸಿದ.

ಪ್ರತಿ ಗುರುವಾರವೂ ಹೀಗೆ ನಡೆಯಿತು. ನಾಲ್ಕನೆಯ ಗುರುವಾರ ಹೊತ್ತು ನೆತ್ತಿಗೆ ಬರುವ ಮೊದಲೇ ಮುಟ್ಟಿದವು. ಎಂಟನೆಯ ಗುರುವಾರ ರೈತ ಕಂಬದ ನೆರಳನ್ನು ಹೆಜ್ಜೆಯಿಂದ ಅಳೆದ. ಇನ್ನೂ ಐದು ಹೆಜ್ಜೆ ಉದ್ದವಿತ್ತು. ಅವನಿಗೆ ಸಂತೋಷವಾಗಿ ಹಿಂಡಿ ಹೆಚ್ಚಿಸಿದ. ಹನ್ನೆರಡನೆಯ ಗುರುವಾರ ಮಂಟಪ ಕಣ್ಣಿಗೆ ಬಿದ್ದದ್ದೇ ತಡ, ಹೋರಿಗಳು ಬಾಲ ಎತ್ತಿ ಓಡಿದವು. ಬಾರುಕೋಲು ಮುಟ್ಟುವ ಕೆಲಸವೇ ಇರಲಿಲ್ಲ. ಹೋಗುವುದು ನಾಲ್ಕು, ಬರುವುದು ನಾಲ್ಕು. ದಿನಕ್ಕೆ ಎಂಟು ಹರದಾರಿ ನಡೆದ ಕಾಲುಗಳು. ಇನ್ನೇನು ಬೇಕು ಎಂದುಕೊಂಡ.

ಹೊರಡುವ ದಿನ ಬಂತು. ಮುಂದಿನ ಗಾಡಿಯಲ್ಲಿ ಹೆಣ್ಣು, ಅವಳ ಪೆಟ್ಟಿಗೆ, ಹಾಡು ಹೇಳುವ ಇಬ್ಬರು ಸೋದರತ್ತೆಯರು. ಹಿಂದಿನ ಗಾಡಿಯಲ್ಲಿ ಪಾತ್ರೆ ಪರಡಿ, ಅದನ್ನು ಕಾಯಲು ರೈತನ ಭಾವಮೈದ. ಆ ಗಾಡಿ ಅದೇ ಊರಿನ ಒಬ್ಬ ಮುದುಕನದು. ಅವನ ಎತ್ತುಗಳಿಗೂ ಅವನಷ್ಟೇ ವಯಸ್ಸಾಗಿದೆ ಎಂದು ಅತ್ತೆಯರು ದಾರಿಯುದ್ದಕ್ಕೂ ನಗುತ್ತಿದ್ದರು. ಒಂದು ಹರದಾರಿ ಕಳೆಯುವುದರೊಳಗೆ ಮುದುಕನ ಗಾಡಿ ಕಣ್ಮರೆಯಾಯಿತು.

ಹೋರಿಗಳು ಅಂದು ಎಂದಿಗಿಂತ ಬೇಗ ಮಂಟಪ ಮುಟ್ಟಿದವು. ಮುಟ್ಟಿದವು, ತಾವಾಗಿ ದಾರಿ ಬಿಟ್ಟು ಇಳಿದವು, ಮುಂದಿನ ಕಂಬದ ಎದುರು ನಿಂತವು.

“ಹೈ, ಇವತ್ತು ಇಲ್ಲಿ ಅಲ್ಲ” ಎಂದ ರೈತ.

ಹೋರಿಗಳು ಕಂಬದ ಬುಡ ನೋಡಿದವು. ರೈತ ಹಗ್ಗ ಜಗ್ಗಿದ. ಬಾಲ ತಿರುವಿದ. ಮೂರು ತಿಂಗಳಲ್ಲಿ ಮೊದಲ ಸಲ ಬಾರುಕೋಲು ಎತ್ತಿದ. ಎಡಗಡೆಯದು ಮಂಡಿಯೂರಿ, ನೊಗದ ಸಮೇತ ಮಲಗಿತು. ಬೇರೆ ದಾರಿ ಕಾಣದೆ ಅವನು ನೊಗ ಇಳಿಸಿ ಹಿಂಡಿ ಇಟ್ಟ. ಅವು ಬುಟ್ಟಿಯ ತಳ ನೆಕ್ಕುವವರೆಗೆ ತಿಂದವು. ನೀರು ಕುಡಿದವು. ಮತ್ತೆ ನೊಗ ಇಟ್ಟಾಗ ಎರಡೂ ಲವಲವಿಕೆಯಿಂದ ಎದ್ದು, ಗಾಡಿಯನ್ನು ಮನೆಯ ಕಡೆ ತಿರುಗಿಸಿಕೊಂಡು ಹೊರಟವು.

ರೈತ ಮೂಗುದಾರ ಹಿಡಿದು ಮತ್ತೆ ಮುಂದಕ್ಕೆ ತಿರುಗಿಸಿದ. ಅವು ಮತ್ತೆ ಹಿಂದಕ್ಕೆ ತಿರುಗಿದವು. ಹೀಗೆ ಮೂರು ಸಲ ಆಯಿತು.

ಒಳಗಿನಿಂದ ಮಗಳು ಹೇಳಿದಳು: “ಅಪ್ಪಾ, ತವರಿನ ಮೇಲೆ ನನಗಿಂತ ಇವಕ್ಕೇ ಆಸೆ ಜಾಸ್ತಿ.”

ಅತ್ತೆಯರು ನಕ್ಕರು. ರೈತ ಕಂಬದ ನೆರಳು ನೋಡಿದ. ನೆರಳು ಪೂರ್ವಕ್ಕೆ ವಾಲಿತ್ತು.

ಅಷ್ಟರಲ್ಲಿ ಮುದುಕನ ಗಾಡಿ ಬಂತು. ಅವನ ಎತ್ತುಗಳು ಮಂಟಪದ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಅದೇ ಹೆಜ್ಜೆಯಲ್ಲಿ ಅದನ್ನು ದಾಟಿದವು. ರೈತ ಓಡಿಹೋಗಿ ಗಾಡಿ ನಿಲ್ಲಿಸಿದ. ಬಾಯಿಬಿಟ್ಟು ಕೇಳುವುದು ಅವನಿಗೆ ಕಷ್ಟವಾಯಿತು. ಅವನು ಕೇಳುವವರೆಗೆ ಮುದುಕ ಕಾಯಲಿಲ್ಲ. ಇಳಿದು ತನ್ನ ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಮುದಿ ಎತ್ತುಗಳನ್ನು ಹೆಣ್ಣಿನ ಗಾಡಿಗೆ ಹೂಡಿದರು. ಪಾತ್ರೆಯ ಗಾಡಿ, ಹೋರಿಗಳು ಭಾವಮೈದನ ಜೊತೆ ಮಂಟಪದಲ್ಲೇ ಉಳಿದವು.

ಹೊತ್ತು ಮುಳುಗಲು ಒಂದು ಮಾರು ಇರುವಾಗ ಗಾಡಿ ಗಡಿ ಮುಟ್ಟಿತು. ಬೀಗರು ಆರತಿ ಹಿಡಿದು ನಿಂತಿದ್ದರು. “ಎತ್ತು ಯಾರವು?” ಎಂದು ಪದ್ಧತಿಯಂತೆ ಕೇಳಿದರು. ಮುದುಕ ತಲೆ ತಗ್ಗಿಸಿ ಮುಂದೆ ಬಂದು, ಹುಡುಗಿಯ ಕೈಹಿಡಿದು ಇಳಿಸಿದ. ಅವಳು ಇಳಿಯುವಾಗ ತಿರುಗಿ ತಂದೆಯನ್ನು ನೋಡಿದಳು. ರೈತ ಗಾಡಿಯ ಹಿಂದೆ ಧೂಳಿನಲ್ಲಿ ನಿಂತಿದ್ದ.

ಮದುವೆ ಮುಗಿಯಿತು. ಹಿಂತಿರುಗುವ ದಾರಿಯಲ್ಲಿ ರೈತ ಕೇಳಿದ: “ಅಜ್ಜಾ, ನನ್ನವು ಹೋರಿಗಳು. ನಿನ್ನವು ಮೂಳೆ. ಏನು ಹಾಕಿ ಸಾಕಿದೆ?”

“ನೀನು ಹಾಕಿದ್ದನ್ನೇ. ಶೇಂಗಾ ಹಿಂಡಿ.”

“ಹೇಗೆ ಪಳಗಿಸಿದೆ?”

“ನೀನು ಪಳಗಿಸಿದ ಹಾಗೆಯೇ. ಮೊದಲ ವರ್ಷ ನಾನೂ ಇದೇ ಅರ್ಧ ದಾರಿಯಲ್ಲೇ ಹೊಡೆದದ್ದು. ಆದರೆ ಬುಟ್ಟಿಯನ್ನು ಮಂಟಪದಲ್ಲಿ ಇಡುತ್ತಿರಲಿಲ್ಲ. ಮಂಟಪ ದಾಟಿ ನಾಲ್ಕು ಹೊಲ ಆಚೆ ಇಡುತ್ತಿದ್ದೆ.”

ಮೇಷ್ಟ್ರು ಕತೆ ನಿಲ್ಲಿಸಿದರು.

ನೀಲಾಂಬಿಕೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದಳು. ದೂರಕ್ಕೆ ಒಂದು ಸಾಲು, ವೇಗಕ್ಕೆ ಒಂದು ಸಾಲು, ನಿದ್ದೆಗೆ ಒಂದು ಸಾಲು ಇತ್ತು. ಆರು ಅರ್ಧ ಓಟಗಳ ಕೆಳಗೂ ಅವಳೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. ಗೆರೆಯ ಕೆಳಗಿನ ಹಾಳೆ ಖಾಲಿ ಇತ್ತು.

“ಆ ಹೋರಿಗಳದ್ದೇನು ತಪ್ಪು, ಮೇಷ್ಟ್ರೇ?” ಎಂದಳು. “ಕಲಿಸಿದ್ದನ್ನು ಅವು ಚೆನ್ನಾಗಿಯೇ ಕಲಿತಿದ್ದವು.”

“ಅವುಗಳ ತಪ್ಪು ಎಂದು ನಾನು ಹೇಳಲಿಲ್ಲವಲ್ಲ, ತಾಯಿ. ರೈತನೂ ಕೆಟ್ಟವನಲ್ಲ. ಪ್ರೀತಿಯಿಂದಲೇ ಇಟ್ಟ.”

ಅವಳು ತಲೆಯೆತ್ತಿದಳು. ಮೇಷ್ಟ್ರು ಖಾಲಿ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ತಂಬಿಗೆಯ ಬಾಯಿಗೆ ಬೋರಲು ಹಾಕಿದರು. ತಂಬಿಗೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅವಳು ಅದನ್ನೇ ನೋಡಿದಳು. ಆರು ಅರ್ಧ ಓಟ, ಎರಡು ಪೂರ್ಣ ಓಟ. ಎಂಟು ಸಲವೂ ಅದು ಒಂದೇ ಜಾಗದಲ್ಲಿ ಇತ್ತು.

“ಭಾನುವಾರ ಓಡು” ಎಂದರು ಮೇಷ್ಟ್ರು. “ಇದನ್ನು ಹಿಡಿದುಕೊಂಡು ನಾನು ಎಲ್ಲಿ ನಿಲ್ಲಲಿ, ಅದನ್ನು ಮಾತ್ರ ಹೇಳು.”