ನರಿ ಚೆಲ್ಲಿದ ನೀರು

ಫೆಬ್ರವರಿ ಹನ್ನೊಂದು, ಭಾನುವಾರ; ಒಣ ಬಿಸಿಲು, ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಕಾಡಿನ ಕಾರ್ ರೇಸಿನಲ್ಲಿ ತಕ್ಕಡಿಯ ಯಜಮಾನಿಕೆ ಆನೆಯದು. ಹೊರಡುವ ಮುನ್ನ ಪ್ರತಿ ಕಾರೂ ಗೊತ್ತುಪಡಿಸಿದಷ್ಟು ತೂಗಲೇಬೇಕು. ನರಿಯ ಕಾರು ಸರಿಯಾಗಿ ತೂಗಿತು, ಆದರೆ ಅದರ ಹಿಂಬದಿಯಲ್ಲಿ ಒಂದು ಪೀಪಾಯಿ ನೀರಿತ್ತು.

"ಇದೇಕಪ್ಪಾ?" ಎಂದಿತು ಆನೆ.

"ಬ್ರೇಕು ತಣ್ಣಗಿರಲಿ ಅಂತ, ಗಜರಾಯರೇ."

"ಹೊರಟ ಕೂಡಲೇ ಚೆಲ್ಲಿ ಹಗುರಾಗುತ್ತಾನೆ!" ಎಂದಿತು ಮುಂಗುಸಿ. ಪ್ರತಿ ವರ್ಷ ನರಿಯ ಹಿಂದೆಯೇ ಬರುತ್ತಿದ್ದ ಅದಕ್ಕೆ ಈ ಸಲವಾದರೂ ಗೆಲುವಿನ ಹಾರ ಬೇಕಿತ್ತು.

"ಚೆಲ್ಲಬಾರದು ಅಂತ ನಿಯಮದಲ್ಲಿ ಎಲ್ಲಿದೆ, ತಮ್ಮಾ?" ಎಂದಿತು ನರಿ.

ಆನೆ ಕಿವಿ ಬೀಸುತ್ತಾ ಯೋಚಿಸಿತು. "ಎಲ್ಲೂ ಇಲ್ಲ," ಎಂದು ಒಪ್ಪಿಕೊಂಡು ಬಾವುಟ ಬೀಸಿತು.

ಮೊದಲ ತಿರುವಿನಲ್ಲೇ ನರಿ ಪೀಪಾಯಿಯ ಬಿರಡೆ ಕಿತ್ತು, ಹಿಂತಿರುಗಿ ನೋಡದೆ ಬಾಣದಂತೆ ಹೋಯಿತು. ಹಿಂದಿದ್ದ ಮುಂಗುಸಿ ಒದ್ದೆ ರಸ್ತೆಯನ್ನು ಕಂಡು ಅಲ್ಲಿ ಪ್ರತಿ ಸುತ್ತಿನಲ್ಲೂ ನಿಧಾನಿಸಿತು.

ಸಂಜೆ ಆನೆ ಮುಂಗುಸಿಗೆ ಹಾರ ಹಾಕುತ್ತಿದ್ದಾಗ, ಮೈತುಂಬ ಕೆಸರು ಮೆತ್ತಿದ ಕಾರನ್ನು ತಳ್ಳಿಕೊಂಡು ನರಿ ಬಂತು.

"ಇಂಥ ಬಿಸಿಲಲ್ಲಿ ಜಾರಿದೆಯೇನೋ?"

"ಎರಡನೇ ಸುತ್ತಿನಲ್ಲಿ, ನಾನೇ ಚೆಲ್ಲಿದ ನೀರಿನ ಮೇಲೆ, ರಾಯರೇ. ನೇರ ಹಳ್ಳಕ್ಕೆ!" ನರಿಗೂ ನಗು ತಡೆಯಲಾಗಲಿಲ್ಲ. "ಈಗ ತೂಗಿ ನೋಡಿ. ಕೆಸರೂ ಸೇರಿ ಭಾರ ಸರಿಯಾಗಿದೆ."

ಆನೆ ತೂಗಿತು. ನಿಜವಾಗಿಯೂ ಸರಿಯಾಗಿತ್ತು.

"ಅಷ್ಟು ಹೊತ್ತು ಹಗುರಾಗಿ ಓಡಿದ್ದಕ್ಕೆ ಏನು ತೆತ್ತೆ?"

"ಮುಂಗುಸಿಯ ಕೊರಳು ನೋಡಿ," ಎಂದಿತು ನರಿ.