ಚಿಮಟ ಹಿಡಿದ ಕೈ

"ಗುರುಗಳೆ, ನಾಳೆಯಿಂದ ನಲವತ್ತು ದಿನ ಅನ್ನ ಬಿಟ್ಟು ಜಪಕ್ಕೆ ಕೂರುತ್ತೇನೆ ಎಂದರೆ ನೀವು ಮೂರು ದಿನ ಸಾಕು ಎನ್ನುತ್ತೀರಿ. ನನ್ನ ಉತ್ಸಾಹಕ್ಕೆ ಏಕೆ ತಣ್ಣೀರು ಎರಚುತ್ತೀರಿ?" ಎಂದು ಕೊಟ್ರಯ್ಯ ಕೇಳಿದ. ಅವನು ಮಠಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ರೇಡಿಯೊ ಹುಚ್ಚು. ಹಾಡು ಕೇಳುವ ರೇಡಿಯೊ ಅಲ್ಲ, ಎರಡೂ ಕಡೆಯವರು ಮಾತಾಡುವ ಹ್ಯಾಮ್ ರೇಡಿಯೊ. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದ. ಬಿಡಿಭಾಗಗಳ ಕಿಟ್ ತರಿಸಿ ತಾನೇ ಜೋಡಿಸತೊಡಗಿದ. ಅವನ ಬಾಲ್ಯದ ಗೆಳೆಯ ದೂರದ ದ್ವೀಪದ ದೀಪಸ್ತಂಭದಲ್ಲಿದ್ದ, ದಿನವೂ ಸಂಜೆ ಐದಕ್ಕೆ ಬೇರೆ ಹ್ಯಾಮ್ ರೇಡಿಯೊದವರನ್ನು ಮಾತಿಗೆ ಕರೆಯುತ್ತಿದ್ದ. ದರ್ಜಿಯ ಜೋಡಣೆ ಮುಗಿಯಲು ಬಂದ ದಿನದ ಮರುದಿನವೇ ಆ ಗೆಳೆಯ ದ್ವೀಪ ಬಿಟ್ಟು ಹಡಗು ಹತ್ತುವವನಿದ್ದ. ಆಮೇಲೆ ಅವನ ಕೈಗೆ ರೇಡಿಯೊ ಇಲ್ಲ. ಮಾತಾಡಿದರೆ ಈವತ್ತೇ.

ನಾಲ್ಕು ಗಂಟೆಗೆ ಉಳಿದದ್ದು ಒಂದೇ ಕೆಲಸ. ಟ್ರಾನ್ಸಿಸ್ಟರ್ ಎಂಬ, ಕಡಲೆಕಾಳಿನಷ್ಟು ಪುಟ್ಟ ಮೂರು ಕಾಲಿನ ಬಿಡಿಭಾಗವನ್ನು ಬೆಸೆಯಬೇಕಿತ್ತು. ಆತುರದಲ್ಲಿ ದರ್ಜಿ ಸೂಚನೆಯ ಹಾಳೆಯನ್ನು ಬಿಚ್ಚಲೇ ಇಲ್ಲ. ಇಸ್ತ್ರಿ ಒತ್ತಿ ಹಿಡಿದಷ್ಟೂ ಮಡಿಕೆ ನಿಲ್ಲುತ್ತದೆ ಎಂದು ಮೂವತ್ತು ವರ್ಷ ಪಳಗಿದ ಕೈ ಅದು. ಸೀಸ ಕರಗಿಸಿ ಬೆಸೆಯುವ ಸಾಲ್ಡರಿಂಗ್ ಐರನ್ನನ್ನೂ ಹಾಗೇ ಒತ್ತಿ ಹಿಡಿದ. ಬೆಸುಗೆಯೇನೋ ಗಟ್ಟಿಯಾಗಿ ಕೂತಿತು, ಟ್ರಾನ್ಸಿಸ್ಟರ್ ಮಾತ್ರ ಒಳಗೇ ಬೆಂದು ಸತ್ತಿತು. ಅಟ್ಟ ಮೇಲೆ ಒಲೆ ಉರಿದಂತೆ, ಆಗ ಸೂಚನೆಯ ಹಾಳೆ ಬಿಚ್ಚಿ ಓದಿದ. ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬಾರದು, ಟ್ರಾನ್ಸಿಸ್ಟರಿನ ಕಾಲನ್ನು ಚಿಮಟದಿಂದ ಹಿಡಿದಿರಬೇಕು, ಆಗ ಹೆಚ್ಚಿನ ಕಾವು ಚಿಮಟಕ್ಕೆ ಇಳಿಯುತ್ತದೆ ಎಂದಿತ್ತು.

ಕಿಟ್ಟಿನಲ್ಲಿ ಇನ್ನೊಂದೇ ಒಂದು ಟ್ರಾನ್ಸಿಸ್ಟರ್ ಇತ್ತು. ಈ ಸಲ ಹೆಂಡತಿ ಮುಳ್ಳು ಕೀಳುವ ಗಿಡ್ಡ ಚಿಮಟ ತಂದು ಅದರ ಕಾಲು ಹಿಡಿದಳು. ಸೀಸ ಬೇಗ ಕರಗಲಿಲ್ಲ. ದರ್ಜಿಗೆ ಸಿಟ್ಟು ಬಂತು.

"ಕಾವೆಲ್ಲ ನಿನ್ನ ಚಿಮಟಾನೇ ಕುಡೀತೈತಿ. ಬಿಡು ಅದನ್ನ, ಐದಾಗಾಕ ಬಂತು" ಎಂದ.

"ಬಿಡಂಗಿಲ್ಲ. ಇಸ್ತ್ರಿ ಮಾಡೋ ಪ್ಯಾಂಟಲ್ಲ ಇದು. ಒಂದು, ಎರಡು, ಮೂರು, ತೆಗೀರಿ" ಎಂದಳು.

ತೆಗೆದ. ಹೀಗೆ ಅವಳು ಎಣಿಸುತ್ತ, ಅವನು ಗೊಣಗುತ್ತ, ಮೂರು ಕಾಲುಗಳೂ ಬೆಸೆದುಕೊಂಡವು. ಐದಕ್ಕೆ ಸರಿಯಾಗಿ, ಗರಗರ ಸದ್ದಿನ ನಡುವೆ ಗೆಳೆಯನ ದನಿ ಕೇಳಿತು. ದರ್ಜಿಯ ಕಾಲು ನೆಲಕ್ಕೆ ಹತ್ತಲಿಲ್ಲ. ಮಾತಾಡಿದ, ನಕ್ಕ, ಅತ್ತ. ನೀನೂ ಮಾತಾಡು ಬಾ ಎಂದು ಹೆಂಡತಿಯನ್ನು ಎಳೆದು ತಂದ. ಮೈಕು ಅವಳ ಕೈಗೆ ಕೊಡುವಾಗಲೇ ಅವನಿಗೆ ಕಂಡದ್ದು. ಅವಳ ಎರಡು ಬೆರಳ ತುದಿಗಳು ಸುಟ್ಟು ಕೆಂಪಾಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯನ ಉತ್ಸಾಹ ಇಳಿದಿರಲಿಲ್ಲ. "ಕತೆ ಚೆನ್ನಾಗಿದೆ, ಗುರುಗಳೆ. ಹಾಗಾದರೆ ನಾಳೆ ನಲವತ್ತು ದಿನಕ್ಕೆ ಕೂರಲೆ?" ಎಂದ.

ಗುರುಗಳು ಮರಳಿ ಕೇಳಿದರು.

"ನಿನ್ನನ್ನು ಹಿಡಿದ ಚಿಮಟ ಈಗ ನನ್ನ ಕೈಯಲ್ಲಿದೆ, ಬಿಡಲೆ?"