ಚಿಕ್ಕ ಅಂಗಳ

ಶಿಷ್ಯ ಕೇಳಿದ: “ಗುರುಗಳೇ, ನಾಳೆಯಿಂದ ಹೊಸದಾಗಿ ಬಂದವರ ಜೊತೆ ಕೂತು ಅವರಿಗೆ ಸಂಧಿ ಪಾಠ ಹೇಳಿಕೊಡು ಎಂದಿರಿ. ನಾನು ಹಳಗನ್ನಡ ಕಾವ್ಯದವರೆಗೆ ಬಂದವನು. ಮೇಲಿನ ಪಾಠದವನು ಮೊದಲ ಪಾಠಕ್ಕೆ ಇಳಿದರೆ ಅವನ ಕಲಿಕೆ ಸವೆಯುವುದಿಲ್ಲವೇ?”

ಗುರು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟು, “ಕೂತುಕೋ” ಎಂದರು. ಆಮೇಲೆ ಹೇಳತೊಡಗಿದರು.

ನಾನು ಹರೆಯದಲ್ಲಿದ್ದಾಗ ಒಂದು ಊರಿನಲ್ಲಿ ಮೇಷ್ಟರಾಗಿದ್ದೆ. ಆ ಊರಿನ ಅಂಚಿನಲ್ಲಿ ಒಂದು ಗಾಲ್ಫ್ ಮೈದಾನವಿತ್ತು. ಸಾಹುಕಾರರ ಕ್ಲಬ್ಬಿನದಲ್ಲ, ಊರಿನದು. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಹೋಗಿ ಆಡಬಹುದಿತ್ತು. ಕೋಲು, ಚೆಂಡು ಬಾಡಿಗೆಗೆ ಸಿಗುತ್ತಿದ್ದವು. ಕೋಲಿನಿಂದ ಚೆಂಡನ್ನು ಹೊಡೆದು ದೂರದ ಕುಳಿಗೆ ಬೀಳಿಸಬೇಕು, ಅಷ್ಟೇ ಆಟ. ಆ ಮೈದಾನದಲ್ಲಿ ಮೂರು ಅಂಗಳಗಳಿದ್ದವು. ಕಲಿಯುವವರಿಗೆ ಚಿಕ್ಕದು, ಸ್ವಲ್ಪ ಕೈ ಕುದುರಿದವರಿಗೆ ನಡುವಿನದು, ಪಳಗಿದವರಿಗೆ ದೊಡ್ಡದು. ಒಂದೊಂದು ಅಂಗಳ ಹತ್ತುವುದಕ್ಕೂ ಪರೀಕ್ಷೆಯಿತ್ತು. ಪಾಸಾದರೆ ಒಂದು ಚೀಟಿ ಕೊಡುತ್ತಿದ್ದರು. ಚೀಟಿಯಿಲ್ಲದೆ ಮೇಲಿನ ಅಂಗಳದೊಳಗೆ ಕಾಲಿಡುವಂತಿರಲಿಲ್ಲ.

ಆ ಊರಿನಲ್ಲಿ ದೊರೆಸ್ವಾಮಿ ಎಂಬ ಗಡಿಯಾರ ರಿಪೇರಿಯವನಿದ್ದ. ಹೆಂಡತಿ ತೀರಿಕೊಂಡ ವರ್ಷ ಅವನು ತನ್ನ ಒಬ್ಬಳೇ ಮಗಳು ಹೇಮಲತಳನ್ನು ಭಾನುವಾರ ಬೆಳಿಗ್ಗೆ ಆ ಮೈದಾನಕ್ಕೆ ಕರೆದುಕೊಂಡು ಹೋಗತೊಡಗಿದ. ಇಬ್ಬರಿಗೂ ಆಟ ಗೊತ್ತಿರಲಿಲ್ಲ. ಚಿಕ್ಕ ಅಂಗಳದಲ್ಲಿ ಒಬ್ಬರನ್ನೊಬ್ಬರು ನೋಡಿ ಕಲಿತರು. ಮನೆಯಲ್ಲಿ ತಂದೆ ಮಗಳ ನಡುವೆ ಮಾತಿರಲಿಲ್ಲ. ಸತ್ತವಳ ಸುದ್ದಿ ಎಲ್ಲಿ ಬಂದುಬಿಡುತ್ತದೋ ಎಂದು ಇಬ್ಬರಿಗೂ ಭಯ. ಆದರೆ ಇಲ್ಲಿ ಹೊಡೆದ ಚೆಂಡಿನ ಹಿಂದೆ ನಡೆಯುತ್ತಾ ಹೋದಂತೆ ಮಾತು ತಾನಾಗಿಯೇ ಬರುತ್ತಿತ್ತು. ಶಾಲೆಯ ಮಾತು, ಗಡಿಯಾರಗಳ ಮಾತು, ಬೇಲಿಯ ಮೇಲೆ ಕೂತ ಗಿಳಿಯ ಮಾತು. ನಾನು ಬೆಳಗಿನ ತಿರುಗಾಟಕ್ಕೆ ಹೋದಾಗ ಅವರ ನಗು ರಸ್ತೆಯವರೆಗೆ ಕೇಳುತ್ತಿತ್ತು. ಈಗಲೂ ಕೆಲವು ಭಾನುವಾರ ಎದ್ದ ಕೂಡಲೇ ಆ ನಗು ನೆನಪಾಗುತ್ತದೆ.

ಹುಡುಗಿಯ ಕೈಯಲ್ಲಿ ಆಟವಿತ್ತು. ಅವಳು ನಡುವಿನ ಅಂಗಳಕ್ಕೆ ಹೋದಳು. ಕಾಲೇಜು ಮುಗಿಸುವ ಹೊತ್ತಿಗೆ ದೊಡ್ಡದಕ್ಕೂ ಹೋದಳು. ತಂದೆ ಮಾತ್ರ ಚಿಕ್ಕದರಲ್ಲೇ ಉಳಿದ. ಒಂದೇ ಸ್ಕೂಟರಿನಲ್ಲಿ ಬಂದು ಗೇಟಿನ ಬಳಿ ಬೇರೆಯಾಗುತ್ತಿದ್ದರು. ಹಿಂದಿರುಗುವಾಗ ಅವನು “ಹೇಗಾಯ್ತಮ್ಮ?” ಎಂದು ಕೇಳುತ್ತಿದ್ದ. ಅವಳು “ಚೆನ್ನಾಗಾಯ್ತಪ್ಪ” ಎನ್ನುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಮ್ಮೆ ಅವನು, ಮಗಳ ಜೊತೆ ಒಂದೇ ಒಂದು ಸಲವಾದರೂ ಆಡಬೇಕೆಂದು, ಮೇಲಿನ ಅಂಗಳದ ಪರೀಕ್ಷೆಗೆ ಹೋದ. ಮೊದಲ ಹೊಡೆತಕ್ಕೇ ಚೆಂಡು ಕೊಳದಲ್ಲಿ ಬಿತ್ತು. ಎರಡನೆಯದೂ ಅಲ್ಲೇ ಬಿತ್ತು. ಪರೀಕ್ಷೆ ಮಾಡುವವರು ಒಳ್ಳೆಯ ಮಾತಿನಲ್ಲೇ ವಾಪಸು ಕಳಿಸಿದರು. ಅವನು ಮತ್ತೆ ಆ ಕಡೆ ಹೋಗಲಿಲ್ಲ. ಮಗಳಿಗೂ ಹೇಳಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಆ ದೊಡ್ಡ ಅಂಗಳದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವುದೆಂದು ಗೊತ್ತಾಯಿತು. ಹೇಮಲತಳ ಹೆಸರು ಬಂತು. ಊರಿನವರೆಲ್ಲ ಅವಳು ಗೆದ್ದೇ ಗೆಲ್ಲುತ್ತಾಳೆ ಎಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು.

ಆಯ್ಕೆಯ ದಿನವೂ ತಂದೆ ಮಗಳು ಒಟ್ಟಿಗೆ ಬಂದರು. ಗೇಟಿನಲ್ಲಿ ಅವನು ಅವಳ ತಲೆ ಸವರಿ, ತಾನು ಮೊದಲು ಟಿಕೆಟ್ ಕೊಂಡು ತನ್ನ ಅಂಗಳದ ಕಡೆ ಹೋದ. ಅವಳು ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಒಳಗಿದ್ದವನು, “ನಿಮ್ಮ ತಂದೆಯವರು ಇನ್ನು ಬರೋದಿಲ್ವಂತಲ್ಲಮ್ಮ?” ಎಂದ.

“ಯಾರು ಹಾಗಂದೋರು?”

“ಅವರೇ ಅಂದ್ರು. ಎದೆ ಸರಿಯಿಲ್ಲ, ಏರು ಹತ್ತಬಾರದು, ಆಟ ಬಿಟ್ಟುಬಿಡಿ ಅಂತ ಡಾಕ್ಟರು ಹೇಳಿದಾರಂತೆ. ಇವತ್ತೊಂದು ದಿನ ಆಡ್ತೀನಿ, ಮಗಳಿಗೆ ಹೇಳ್ಬೇಡ, ಅವಳಿಗೆ ಇವತ್ತು ದೊಡ್ಡ ದಿನ ಅಂದ್ರು. ಮನಸ್ಸು ತಡೀಲಿಲ್ಲ, ಬಾಯಿ ಬಿಟ್ಟೆ, ತಪ್ಪಾಯ್ತು.”

ಹೇಮಲತ ಟಿಕೆಟ್ ತೆಗೆದುಕೊಂಡು ದೊಡ್ಡ ಅಂಗಳಕ್ಕೆ ಹೋದಳು. ಅದು ಎತ್ತರದಲ್ಲಿತ್ತು. ಆಟ ಶುರುಮಾಡುವ ಜಾಗದಿಂದ ಕೆಳಗೆ ಚಿಕ್ಕ ಅಂಗಳ ಕಾಣುತ್ತಿತ್ತು. ಅವಳು ತನ್ನ ಸರದಿಗೆ ಕಾಯುತ್ತಾ ಕೆಳಗೆ ನೋಡಿದಳು. ಅವನು ಒಬ್ಬನೇ ಆಡುತ್ತಿದ್ದ. ಹೊಡೆಯುತ್ತಿದ್ದ, ನಾಲ್ಕು ಹೆಜ್ಜೆ ನಡೆಯುತ್ತಿದ್ದ, ಕೋಲನ್ನು ಊರಿಕೊಂಡು ನಿಲ್ಲುತ್ತಿದ್ದ. ಹಿಂದೆ ಬಂದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಅವಳ ಹೆಸರು ಕೂಗಿದರು. ಅವಳು ಅಧಿಕಾರಿಯ ಹತ್ತಿರ ಹೋಗಿ, “ನನ್ನ ಹೆಸರು ಬಿಟ್ಟುಬಿಡಿ ಸಾರ್” ಎಂದಳು.

“ಯೋಚನೆ ಮಾಡಮ್ಮ. ಇವತ್ತು ಬಿಟ್ಟರೆ ಇದು ಮತ್ತೆ ಸಿಗೋದಿಲ್ಲ.”

“ಗೊತ್ತು ಸಾರ್” ಎಂದು ಅವಳು ಕೆಳಗೆ ಕೈ ತೋರಿಸಿದಳು. “ಅದೂ ಸಿಗೋದಿಲ್ಲ.”

ಮಗಳು ಇಳಿದು ಬರುವುದನ್ನು ನೋಡಿ ದೊರೆಸ್ವಾಮಿ ಸಿಟ್ಟಾದ. “ಯಾಕೆ ಬಂದೆ? ಹೋಗು, ಓಡು, ಇನ್ನೂ ಕೂಗ್ತಿರ್ತಾರೆ” ಎಂದ. ಅವಳು ಅಲ್ಲಾಡಲಿಲ್ಲ. “ಈಗ ಯಾರ ಸರದಿ? ನಿಂದಾ, ನಂದಾ?” ಎಂದು ಕೇಳಿದಳು. ಅವನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಆಮೇಲೆ, “ನಿಂದು” ಎಂದ.

ಅವಳ ಕೈಗೆ ದೊಡ್ಡ ಅಂಗಳದ ಅಳತೆ ಕೂತುಬಿಟ್ಟಿತ್ತು. ಹೊಡೆದ ಚೆಂಡು ಕುಳಿಯನ್ನೂ ಬೇಲಿಯನ್ನೂ ದಾಟಿ ರಸ್ತೆಗೆ ಹೋಯಿತು. ದೊರೆಸ್ವಾಮಿ ಹಣೆಗೆ ಕೈಯಿಟ್ಟು ಆ ಕಡೆ ನೋಡಿ, “ಅಷ್ಟು ದೂರ ಇಲ್ಲಿ ಯಾವ ಕುಳಿಯೂ ಇಲ್ಲ ಕಣೇ” ಎಂದ. ಇಬ್ಬರೂ ನಕ್ಕರು. ಎಷ್ಟೋ ವರ್ಷದ ಮೇಲೆ ನಕ್ಕರು. ಮೆಲ್ಲಗೆ ಹೊಡೆಯುವುದನ್ನು ಅವಳು ಮತ್ತೆ ಕಲಿಯಬೇಕಾಯಿತು. ಅದು ಸುಲಭವಾಗಿರಲಿಲ್ಲ, ನಾಲ್ಕನೆಯ ಕುಳಿಗೆ ಬರುವವರೆಗೂ ಕೈ ಬಗ್ಗಲಿಲ್ಲ ಎಂದು ಅವಳೇ ಆಮೇಲೆ ನನಗೆ ಹೇಳಿದಳು.

ನಿಧಾನವಾಗಿ ನಡೆದರು. ಅವನು ನಿಂತಾಗ ಅವಳೂ ನಿಲ್ಲುತ್ತಿದ್ದಳು. ಕೊನೆಯ ಕುಳಿಗಿಂತ ಮೊದಲು ಒಂದು ಕಲ್ಲುಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾ ಅವನು, “ನಿನ್ನನ್ನ ಮೊದಲನೇ ಸಲ ಇಲ್ಲಿಗ್ಯಾಕೆ ಕರ್ಕೊಂಡು ಬಂದೆ ಗೊತ್ತಾ?” ಎಂದ.

“ಆಟ ಕಲೀಲಿ ಅಂತ.”

“ಆಟ ಯಾರಿಗೆ ಬೇಕಾಗಿತ್ತು! ಭಾನುವಾರ ತಲೆಗೆ ನೀರು ಹಾಕಿ ನಿಮ್ಮಮ್ಮ ನಿನಗೆ ಜಡೆ ಹಾಕ್ತಿದ್ಲು. ಅವಳು ಹೋದ್ಮೇಲೆ ನೀನು ಬಾಚಣಿಗೆ ಹಿಡ್ಕೊಂಡು ನನ್ನ ಮುಂದೆ ಬಂದು ನಿಲ್ತಿದ್ದೆ. ನನಗೆ ಬರ್ತಿರಲಿಲ್ಲ. ಇಲ್ಲಿ ಹುಡುಗೀರು ಟೋಪಿ ಹಾಕ್ಕೊಂಡು ಆಡೋದನ್ನ ನೋಡಿದ್ದೆ. ಟೋಪಿ ಹಾಕಿದ್ರೆ ಜಡೆ ಇಲ್ದೇ ಇರೋದು ಯಾರಿಗೂ ಕಾಣಲ್ಲ ಅಂತ ಕರ್ಕೊಂಡು ಬಂದೆ.”

ಹೇಮಲತ ಅವನ ಕೈ ಹಿಡಿದುಕೊಂಡಳು. ಅವರು ಮೊದಲ ಸಲ ಅವಳ ತಾಯಿಯ ವಿಷಯ ಮಾತಾಡಿದರು. ಬಿಸಿಲೇರುವವರೆಗೂ ಮಾತಾಡಿದರು. ಕೊನೆಯ ಕುಳಿಯನ್ನು ಆಡಲೇ ಇಲ್ಲ.

ದೊರೆಸ್ವಾಮಿ ಆಮೇಲೆ ಎರಡು ಮಳೆಗಾಲ ಬದುಕಿದ್ದ. ಮೈದಾನಕ್ಕೆ ಬರಲಿಲ್ಲ. ಮಗಳು ಭಾನುವಾರ ಅವನ ಅಂಗಡಿಯಲ್ಲೇ ಕೂರುತ್ತಿದ್ದಳು. ಆಯ್ಕೆ ಮತ್ತೆಯೂ ನಡೆಯಿತು. ಅಷ್ಟರಲ್ಲಿ ಅವಳಿಗಿಂತ ಚಿಕ್ಕವರು ಬಂದಿದ್ದರು. ಅವಳ ಹೆಸರು ಯಾವ ಫಲಕದ ಮೇಲೂ ಬರಲಿಲ್ಲ. ಅದಕ್ಕಾಗಿ ಬೇಸರವಿಲ್ಲವೇ ಎಂದು ನಾನು ಒಮ್ಮೆ ಕೇಳಿದೆ. “ಇದೆ ಮೇಷ್ಟ್ರೇ, ಸುಳ್ಳು ಯಾಕೆ ಹೇಳಲಿ” ಎಂದಳು. “ಆದರೆ ಒಂದು ವಿಷಯ ನನಗೆ ಬಹಳ ತಡವಾಗಿ ತಿಳೀತು. ನನ್ನ ಹತ್ತಿರ ಬರೋಕೆ ಅಪ್ಪನಿಗೆ ಚೀಟಿ ಬೇಕಾಗಿತ್ತು. ಅಪ್ಪನ ಹತ್ತಿರ ಹೋಗೋಕೆ ನನಗೆ ಏನೂ ಬೇಕಾಗಿರಲಿಲ್ಲ.”

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಒಪ್ಪಲಿಲ್ಲ.

“ಗುರುಗಳೇ, ಅವರು ತಂದೆ ಮಗಳು. ಅವಳು ಇಳಿದು ಹೋದದ್ದು ಸರಿ. ಈ ಹೊಸಬರು ಎಲ್ಲಿಂದಲೋ ಬಂದವರು. ನನಗೂ ಅವರಿಗೂ ಏನು ಸಂಬಂಧ?”

ಗುರು ಹೇಳಿದರು: “ನೀನು ಮೊದಲ ದಿನ ಬಂದು ನನ್ನೆದುರು ಕೂತಾಗ, ನಿನಗೂ ನನಗೂ ಏನು ಸಂಬಂಧವಿತ್ತಪ್ಪ?”

ಶಿಷ್ಯ ಎದ್ದು ಸಂಧಿ ಪಾಠದ ಪುಸ್ತಕ ಹುಡುಕತೊಡಗಿದ.